ಅಡುಗೆ ಒಂದು ಟೇಬಲ್‌ನಲ್ಲಿ, ಪದಾರ್ಥ ಇನ್ನೊಂದರಲ್ಲಿ: ಜ್ಯಾಂಗೊ ಸರ್ಚ್‌ಗೆ ಯಾವ ದಾರಿ?

ಜ್ಯಾಂಗೊ (ಪೈಥಾನ್‌ನ ವೆಬ್ ಚೌಕಟ್ಟು) ಮತ್ತು ಪೋಸ್ಟ್‌ಗ್ರೆಸ್ (ಡೇಟಾಬೇಸ್) ಇದ್ದರೆ ಒಂದೇ ಟೇಬಲ್‌ನ ಪಠ್ಯದಲ್ಲಿ ಹುಡುಕುವ ಸೌಲಭ್ಯ ಕೊಡುವುದು ಅರ್ಧ ದಿನದ ಕೆಲಸ. ಹುಡುಕುವ ಪದ ಪಕ್ಕದ ಟೇಬಲ್‌ನಲ್ಲಿದ್ದಾಗ ತೊಡಕು ಶುರು. ಜಾಯಿನ್ ಮಾಡಿ, ಅಂದರೆ ಹುಡುಕುವಾಗ ಎರಡು ಟೇಬಲ್ ಜೋಡಿಸಿ ಎನ್ನುವವರು ಒಬ್ಬರು; ಸಿಗ್ನಲ್ ಬರೆಯಿರಿ, ಅಂದರೆ ಸಾಲು ಸೇವ್ ಆದಾಗ ಜ್ಯಾಂಗೊ ತಾನೇ ಕರೆಯುವ ಕೋಡ್ ಬರೆಯಿರಿ ಎನ್ನುವವರು ಇನ್ನೊಬ್ಬರು. ಟ್ರಿಗರ್ (ಸಾಲು ಬದಲಾದಾಗ ಡೇಟಾಬೇಸ್ ತಾನೇ ಓಡಿಸುವ ಕೋಡ್), ಮೆಟೀರಿಯಲೈಸ್ಡ್ ವ್ಯೂ (ಕ್ವೆರಿಯ ಉತ್ತರವನ್ನು ಟೇಬಲ್‌ನಂತೆ ಉಳಿಸಿಡುವುದು) ಎಂದೆಲ್ಲ ಸಲಹೆ ಬರುತ್ತದೆ. ಕೊನೆಗೆ ಯಾರೋ ‘ಇಲಾಸ್ಟಿಕ್‌ಸರ್ಚ್ ಎಂಬ ಬೇರೆ ಸರ್ಚ್ ಎಂಜಿನ್ನೇ ತಂದುಬಿಡಿ’ ಅನ್ನುತ್ತಾರೆ. ಪ್ರತಿಯೊಂದೂ ಒಂದಲ್ಲ ಒಂದು ಕಡೆ ಸರಿಯೇ. ಎಲ್ಲರೂ ಹೋಲಿಸುವುದು ಹುಡುಕಾಟದ ವೇಗವನ್ನು. ನಾನು ಮೊದಲು ನೋಡುವುದು ಬರವಣಿಗೆಯ ಕಡೆಯನ್ನು: ಪಕ್ಕದ ಟೇಬಲ್‌ನ ಒಂದೇ ಸಾಲು ಬದಲಾದರೆ ಮುಖ್ಯ ಟೇಬಲ್‌ನ ಎಷ್ಟು ಸಾಲುಗಳ ಸರ್ಚ್ ಮಾಹಿತಿ ಹಳಸುತ್ತದೆ?

ಉದಾಹರಣೆಗೆ ಒಂದು ಕನ್ನಡ ಅಡುಗೆ ಸೈಟ್ ತೆಗೆದುಕೊಳ್ಳೋಣ. ‘ಅಡುಗೆ’ ಟೇಬಲ್‌ನಲ್ಲಿ ಹೆಸರು ಮತ್ತು ಮಾಡುವ ವಿಧಾನ. ‘ಪದಾರ್ಥ’ ಟೇಬಲ್‌ನಲ್ಲಿ ಹೆಸರು, ಅದರ ಜೊತೆ ಬೇರೆ ಊರಿನ ಹೆಸರುಗಳು. ಕಡಲೆಕಾಯಿಯ ಸಾಲಿನಲ್ಲಿ ಶೇಂಗಾ, ನೆಲಗಡಲೆ ಎಂದೂ ಇರುತ್ತದೆ. ಎರಡರ ನಡುವೆ ಪ್ರಮಾಣವನ್ನೂ ಹಿಡಿದಿಡುವ ಮೆನಿ ಟು ಮೆನಿ ಜೋಡಣೆ ಟೇಬಲ್, ಅಂದರೆ ‘ಅಡುಗೆಗೆ ಬೇಕಾದದ್ದು’. ಜೊತೆಗೆ ಟ್ಯಾಗ್‌ಗಳು: ತಿಂಡಿ, ಹಬ್ಬದೂಟ, ಉಪವಾಸ. ಧಾರವಾಡದವರು ಶೇಂಗಾ ಎಂದು ಟೈಪ್ ಮಾಡಿದರೆ ಮೈಸೂರಿನವರು ಕಡಲೆಕಾಯಿ ಎಂದು ಹಾಕಿದ ಚಟ್ನಿಪುಡಿಯೂ ಸಿಗಬೇಕು. ‘ಅವರೆಕಾಳು ಅಕ್ಕಿಹಿಟ್ಟು’ ಎಂದರೆ ಎರಡೂ ಇರುವ ಅಡುಗೆಗಳಷ್ಟೇ ಬರಬೇಕು.

ಮೊದಲು ಈ ಲೆಕ್ಕ ಮಾಡಿಕೊಳ್ಳಿ

ಮೊದಲನೆಯದು ಹರಡುವಿಕೆ, ಅಂದರೆ ಒಂದು ಪದಾರ್ಥ ಎಷ್ಟು ಅಡುಗೆಗಳಲ್ಲಿದೆ ಎಂಬುದು. ಜೋಡಣೆ ಟೇಬಲ್ ಮೇಲೆ, ಪದಾರ್ಥವಾರು ಎಣಿಸಿ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುವ ಒಂದು ಕ್ವೆರಿ ಓಡಿಸಿ, ಮೇಲಿನ 20 ಸಾಲು ನೋಡಿ. ಅಡುಗೆ ಸೈಟ್‌ನಲ್ಲಿ ಅಲ್ಲಿ ಕೂತಿರುವುದು ಉಪ್ಪು, ಎಣ್ಣೆ, ನೀರು, ಸಾಸಿವೆ, ಕರಿಬೇವು. 20,000 ಅಡುಗೆಗಳಿದ್ದರೆ ಉಪ್ಪು ಒಂದೇ ಮುಕ್ಕಾಲು ಪಾಲಿಗಿಂತ ಹೆಚ್ಚಿನ ಅಡುಗೆಗಳಲ್ಲಿ ಇದ್ದೀತು. ಯಾರೋ ಸಂಪಾದಕರು ಉಪ್ಪಿನ ಸಾಲಿಗೆ ‘ಲವಣ’ ಎಂದು ಸೇರಿಸಿ ಸೇವ್ ಒತ್ತಿದರೆ ಆಗುವ ಕೆಲಸ ಎಷ್ಟು, ಊಹಿಸಿ. ಇಂಥವನ್ನು ಇಂಡೆಕ್ಸ್‌ಗೆ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿಗೆ) ಸೇರಿಸಲೇಬೇಡಿ. ಪದಾರ್ಥ ಟೇಬಲ್‌ನಲ್ಲಿ ‘ಹುಡುಕಾಟಕ್ಕೆ ಸೇರಿಸು’ ಎಂಬ ಹೌದು-ಇಲ್ಲ ಕಾಲಮ್ ಇಟ್ಟರೆ ಅರ್ಧ ತಲೆನೋವು ಅಲ್ಲಿಗೇ ಮುಗಿಯಿತು. ಉಪ್ಪು ಎಂದು ಹುಡುಕಿ ಅಡುಗೆ ಆರಿಸುವವರು ಯಾರೂ ಇಲ್ಲ.

ಎರಡನೆಯದು, ಡೇಟಾಬೇಸ್‌ಗೆ ಬರೆಯುವವರು ಯಾರು. ಎಲ್ಲವೂ ಜ್ಯಾಂಗೊ ಮಾಡೆಲ್‌ನ ಸೇವ್ ಮೂಲಕವೇ ಬರುತ್ತದೆಯೇ, ಅಥವಾ ಎಕ್ಸೆಲ್ ಫೈಲ್‌ನಿಂದ ರಾಶಿ ರಾಶಿ ತುಂಬುವ ಸ್ಕ್ರಿಪ್ಟ್, ಯಾರೋ ನೇರ ಎಸ್‌ಕ್ಯುಎಲ್ ಹೊಡೆಯುವ ಅಭ್ಯಾಸ ಇದೆಯೇ? ಮೂರನೆಯದು, ಫಲಿತಾಂಶ ಎಷ್ಟು ಹೊತ್ತು ಹಳೆಯದಾಗಿದ್ದರೆ ನಡೆಯುತ್ತದೆ: ಸೊನ್ನೆ, ಒಂದು ನಿಮಿಷ, ಒಂದು ರಾತ್ರಿ? ನಾಲ್ಕನೆಯದು, ಒಂದೇ ಹುಡುಕಾಟದ ಪದಗಳು ಬೇರೆ ಬೇರೆ ಟೇಬಲ್‌ಗಳಲ್ಲಿ ಹಂಚಿಹೋಗಿರುತ್ತವೆಯೇ? ಆಮೇಲೆ ಸಾಲುಗಳ ಸಂಖ್ಯೆ, ಹೆಸರಲ್ಲಿ ಸಿಕ್ಕಿದ್ದು ಮೇಲೆ ಬರಬೇಕೆಂಬ ಅಪೇಕ್ಷೆ, ಇನ್ನೊಂದು ಸರ್ವರ್ ಸಾಕುವ ಶಕ್ತಿ. ಇವು ಮುಖ್ಯವೇ, ಆದರೆ ನಿರ್ಧಾರವಾಗುವುದು ಸಾಮಾನ್ಯವಾಗಿ ಮೊದಲ ನಾಲ್ಕರಲ್ಲೇ.

ಏನನ್ನೂ ಉಳಿಸದೆ, ಹುಡುಕುವಾಗಲೇ ಜಾಯಿನ್

ಪಠ್ಯವನ್ನು ಹುಡುಕುವ ಪದಗಳಾಗಿ ಒಡೆಯುವ ಸರ್ಚ್‌ವೆಕ್ಟರ್‌ಗೆ ಎರಡು ಅಂಡರ್‌ಸ್ಕೋರ್ ಹಾಕಿ ಪದಾರ್ಥದ ಹೆಸರನ್ನೂ ಕೊಟ್ಟರೆ ಸಾಕು, ಜ್ಯಾಂಗೊ ಜಾಯಿನ್ ಮಾಡಿಕೊಡುತ್ತದೆ. ಎಲ್ಲರೂ ಮೊದಲು ಬರೆಯುವುದು ಇದನ್ನೇ, ಎಲ್ಲರೂ ಮೊದಲು ಎಡವುವುದೂ ಇಲ್ಲೇ. ಒಂಬತ್ತು ಪದಾರ್ಥದ ಅಕ್ಕಿರೊಟ್ಟಿ ಜಾಯಿನ್ ಆದಾಗ ಒಂಬತ್ತು ಸಾಲಾಗುತ್ತದೆ. ಒಂದು ಸಾಲಿನಲ್ಲಿ ಅವರೆಕಾಳು, ಮತ್ತೊಂದರಲ್ಲಿ ಅಕ್ಕಿಹಿಟ್ಟು. ಎರಡೂ ಪದ ಇರುವ ಸಾಲು ಒಂದೂ ಇಲ್ಲ. ಆದ್ದರಿಂದ ‘ಅವರೆಕಾಳು ಅಕ್ಕಿಹಿಟ್ಟು’ ಎಂದು ಹುಡುಕಿದರೆ ಉತ್ತರ ಸೊನ್ನೆ. ಒಂದೇ ಪದ ಹುಡುಕಿದಾಗ ಅದೇ ಅಡುಗೆ ಮತ್ತೆ ಮತ್ತೆ ಬರುವುದು ಕಣ್ಣಿಗೆ ಬೀಳುತ್ತದೆ, ಒಂದೇ ಥರದ ಸಾಲನ್ನು ಒಮ್ಮೆ ಮಾತ್ರ ಕೊಡುವ ಡಿಸ್ಟಿಂಕ್ಟ್ ಹಾಕಿ ಮುಚ್ಚುತ್ತಾರೆ. ಸೊನ್ನೆ ಉತ್ತರದ ತಪ್ಪು ಹಾಗೇ ಉಳಿಯುತ್ತದೆ. ರ‍್ಯಾಂಕ್ (ಎಷ್ಟು ಚೆನ್ನಾಗಿ ಹೊಂದಿತು ಎಂಬ ಅಂಕ) ಕೂಡ ಲೆಕ್ಕ ಹಾಕಿದ್ದರೆ ಡಿಸ್ಟಿಂಕ್ಟ್ ಸಹ ಕೈಕೊಡುತ್ತದೆ, ಸಾಲು ಸಾಲಿಗೂ ರ‍್ಯಾಂಕ್ ಬೇರೆ ಬೇರೆ ಇರಬಹುದಲ್ಲ.

ಸರಿಯಾದ ರೀತಿ ಎಂದರೆ ಸ್ಟ್ರಿಂಗ್‌ಆ್ಯಗ್‌ನಿಂದ ಪದಾರ್ಥಗಳ ಹೆಸರನ್ನೆಲ್ಲ ಒಂದೇ ಪಠ್ಯವಾಗಿ ಕೂಡಿಸಿ, ಅದನ್ನು ಸರ್ಚ್‌ವೆಕ್ಟರ್‌ಗೆ ಕೊಡುವುದು. ಟ್ಯಾಗ್‌ಗಳನ್ನೂ ಅದೇ ಕ್ವೆರಿಯಲ್ಲಿ ಕೂಡಿಸಲು ಹೋದರೆ 9 ಪದಾರ್ಥ, 4 ಟ್ಯಾಗ್ ಗುಣಿಸಿ 36 ಸಾಲಾಗುತ್ತದೆ. ಪ್ರತಿ ಹೆಸರು ನಾಲ್ಕು ಸಲ ಬಂದು ರ‍್ಯಾಂಕ್ ಕೆಡುತ್ತದೆ. ಪ್ರತಿ ಸಂಬಂಧಕ್ಕೂ ಪ್ರತ್ಯೇಕ ಸಬ್‌ಕ್ವೆರಿ ಬರೆಯಿರಿ.

ಇದಕ್ಕೆ ಯಾವ ಇಂಡೆಕ್ಸೂ ಒದಗದು. ಪ್ರತಿ ಹುಡುಕಾಟಕ್ಕೂ ಇಡೀ ಟೇಬಲ್‌ನ ಪಠ್ಯವನ್ನು ಪದಪದವಾಗಿ ಒಡೆಯಬೇಕು. ಕೆಲವು ನೂರು ಸಾಲು ಮೀರಿದರೆ ಸುಧಾರಣೆ ಬೇಕು ಎಂದು ಜ್ಯಾಂಗೊ ದಾಖಲೆಯೇ ಹೇಳುತ್ತದೆ. ಆಫೀಸಿನೊಳಗಿನ ಪುಟ, ಒಂದೆರಡು ಸಾವಿರ ಸಾಲು, ದಿನಕ್ಕೆ ಐವತ್ತು ಹುಡುಕಾಟ ಎಂದಾದರೆ ಇದೇ ಇರಲಿ ಬಿಡಿ. ಯಾವತ್ತೂ ಹಳಸದ ದಾರಿ ಇದು, ಅದಕ್ಕೊಂದು ಬೆಲೆಯಿದೆ.

ಪ್ರತಿ ಟೇಬಲ್‌ಗೂ ಅದರದೇ ಇಂಡೆಕ್ಸ್

ಅಡುಗೆಗೆ ಒಂದು ಟಿಎಸ್‌ವೆಕ್ಟರ್ (ಒಡೆದ ಪದಗಳ ಪಟ್ಟಿ) ಕಾಲಮ್, ಪದಾರ್ಥಕ್ಕೆ ಇನ್ನೊಂದು. ಪೋಸ್ಟ್‌ಗ್ರೆಸ್ 12ರಿಂದ ಇವನ್ನು ಜನರೇಟೆಡ್ ಕಾಲಮ್ (ಡೇಟಾಬೇಸ್ ಸೂತ್ರದಿಂದ ತಾನೇ ತುಂಬುವ ಕಾಲಮ್) ಮಾಡಬಹುದು, ಜ್ಯಾಂಗೊ 5.0ರಿಂದ ಮಾಡೆಲ್‌ನಲ್ಲೇ ಜನರೇಟೆಡ್‌ಫೀಲ್ಡ್ ಎಂದು ಬರೆಯಬಹುದು. ಸಿಗ್ನಲ್ ಬೇಡ, ಟ್ರಿಗರ್ ಬೇಡ. ಆದರೆ ಜನರೇಟೆಡ್ ಕಾಲಮ್ ತನ್ನದೇ ಸಾಲಿನ ಕಾಲಮ್‌ಗಳನ್ನಷ್ಟೇ ನೋಡಬಲ್ಲದು, ಪಕ್ಕದ ಟೇಬಲ್ ಅದಕ್ಕೆ ಕಾಣದು. ಯಾವ ಭಾಷೆಯ ನಿಯಮದಂತೆ ಪದ ಒಡೆಯಬೇಕು ಎನ್ನುವ ಸರ್ಚ್ ಕಾನ್ಫಿಗರೇಶನ್ ಹೆಸರನ್ನು ಬಿಟ್ಟರೆ ‘ಸೂತ್ರ ಇಮ್ಯೂಟಬಲ್ ಅಲ್ಲ’ ಎಂದು ಮೈಗ್ರೇಶನ್ ನಿಂತುಹೋಗುತ್ತದೆ. ‘ಸಿಂಪಲ್’ ಎಂದೋ ‘ಇಂಗ್ಲಿಷ್’ ಎಂದೋ ಕೊಟ್ಟರೆ ಮುಂದೆ ಹೋಗುತ್ತದೆ.

ಹುಡುಕುವಾಗ ಎರಡು ಟೇಬಲ್‌ಗಳಲ್ಲಿ ಬೇರೆ ಬೇರೆಯಾಗಿ ಹುಡುಕಿ, ಸಿಕ್ಕ ಅಡುಗೆ ಐಡಿಗಳನ್ನು ಯೂನಿಯನ್ ಮಾಡಬೇಕು. ಜಾಯಿನ್ ಮಾಡಿ ‘ಇಲ್ಲಿ ಅಥವಾ ಅಲ್ಲಿ’ ಎಂದು ಷರತ್ತು ಬರೆದರೆ ಎರಡು ಇಂಡೆಕ್ಸ್ ಇದ್ದೂ ಪೋಸ್ಟ್‌ಗ್ರೆಸ್ ಎರಡನ್ನೂ ಬದಿಗಿಟ್ಟು ಇಡೀ ಟೇಬಲ್ ಓದಲು ಹೊರಡುತ್ತದೆ. ‘ಉಪ್ಪಿಟ್ಟು ಅವರೆಕಾಳು’ ಎಂದಾಗ ಮೊದಲ ಪದ ಅಡುಗೆಯ ಹೆಸರಲ್ಲಿ, ಎರಡನೆಯದು ಪದಾರ್ಥದಲ್ಲಿ. ಪದಗಳನ್ನು ಬಿಡಿಸಿ, ಒಂದೊಂದನ್ನೂ ಎರಡೂ ಕಡೆ ಹುಡುಕಿ, ಕೊನೆಗೆ ಎಲ್ಲ ಪದಗಳಿಗೂ ಸಿಕ್ಕ ಅಡುಗೆಗಳನ್ನು ಆರಿಸಬೇಕು. ಎರಡು ಕಡೆಯ ರ‍್ಯಾಂಕ್ ಅಂಕಿಗಳನ್ನು ಕೂಡಿಸಿದರೆ ಅರ್ಥವಿಲ್ಲದ ಮೂರನೇ ಅಂಕಿ ಹುಟ್ಟುತ್ತದೆ.

ಹುಡುಕಾಟದ ಪೆಟ್ಟಿಗೆಯೇ ಎರಡಿದ್ದರೆ, ಅಂದರೆ ‘ಅಡುಗೆಯ ಹೆಸರು’ ಮತ್ತು ‘ಮನೆಯಲ್ಲಿರುವ ಪದಾರ್ಥ’ ಎಂದು ಬೇರೆ ಬೇರೆ ಕೇಳಿದರೆ, ಈ ದಾರಿ ಚೆನ್ನ. ಒಂದೇ ಪೆಟ್ಟಿಗೆಗೆ ಒಗ್ಗದು.

ಮುಖ್ಯ ಟೇಬಲ್‌ನಲ್ಲೇ ಕೂಡಿಟ್ಟು, ಜ್ಯಾಂಗೊ ಮೂಲಕ ತಾಜಾ ಮಾಡುವುದು

ಅಡುಗೆ ಮಾಡೆಲ್‌ಗೆ ಒಂದು ಸರ್ಚ್‌ವೆಕ್ಟರ್‌ಫೀಲ್ಡ್, ಅದರ ಮೇಲೆ ಪಠ್ಯ ಹುಡುಕಾಟಕ್ಕೆ ಒಗ್ಗುವ ಜಿನ್ ಇಂಡೆಕ್ಸ್. ಒಳಗೆ ಹೆಸರಿಗೆ ಎ ತೂಕ, ಪದಾರ್ಥ ಮತ್ತು ಅದರ ಪರ್ಯಾಯ ಹೆಸರುಗಳಿಗೆ ಬಿ, ಟ್ಯಾಗ್‌ಗೆ ಸಿ, ವಿಧಾನಕ್ಕೆ ಡಿ. ಪೋಸ್ಟ್‌ಗ್ರೆಸ್ ತಾನಾಗಿ ಎ-ಗೆ 1.0, ಬಿ-ಗೆ 0.4, ಸಿ-ಗೆ 0.2, ಡಿ-ಗೆ 0.1 ಕೊಡುತ್ತದೆ. ಉಳಿಸಿದ ಮೇಲೆ ಕಾಲಮ್ ಒಳಗೆ ಕಾಣುವುದು ಹೀಗೆ:

‘ಅಕ್ಕಿರೊಟ್ಟಿ’:2ಎ ‘ಅಕ್ಕಿಹಿಟ್ಟು’:3ಬಿ ‘ಅವರೆಕಾಳು’:1ಎ,4ಬಿ ‘ಸಬ್ಬಸಿಗೆ’:5ಬಿ

ಈಗ ‘ಅವರೆಕಾಳು ಅಕ್ಕಿಹಿಟ್ಟು’ ಎಂದರೆ ಎರಡೂ ಒಂದೇ ಸಾಲಿನಲ್ಲಿವೆ, ಇಂಡೆಕ್ಸ್ ಕೂಡ ಕೆಲಸ ಮಾಡುತ್ತದೆ. ಓದುವ ಕಡೆ ಇದಕ್ಕಿಂತ ಸರಳವಾದದ್ದಿಲ್ಲ.

ಬರೆಯುವ ಕಡೆ ನೋಡಿ. ಅಪ್‌ಡೇಟ್ ಕ್ವೆರಿಯಲ್ಲಿ ನೇರವಾಗಿ ಪದಾರ್ಥದ ಹೆಸರನ್ನು ಕೊಟ್ಟರೆ ಜ್ಯಾಂಗೊ ‘ಜಾಯಿನ್ ಆದ ಫೀಲ್ಡ್‌ಗಳಿಗೆ ಇಲ್ಲಿ ಅವಕಾಶವಿಲ್ಲ’ ಎಂದು ಫೀಲ್ಡ್ಎರರ್ ಕೊಡುತ್ತದೆ. ಹೊರಗಿನ ಸಾಲನ್ನು ಸೂಚಿಸುವ ಔಟರ್‌ರೆಫ್ ಬಳಸಿದ ಸಬ್‌ಕ್ವೆರಿಯೊಳಗೆ ಸ್ಟ್ರಿಂಗ್‌ಆ್ಯಗ್ ಮಾಡಿ ದಾಟಬೇಕು. ಅಡುಗೆ ಐಡಿಗಳ ಪಟ್ಟಿ ಕೊಟ್ಟರೆ ಅಷ್ಟನ್ನೂ ತಾಜಾ ಮಾಡುವ ಒಂದೇ ಒಂದು ಫಂಕ್ಷನ್ ಬರೆಯಿರಿ. ಸಿಗ್ನಲ್, ಮ್ಯಾನೇಜ್‌ಮೆಂಟ್ ಕಮಾಂಡ್, ರಾತ್ರಿಯ ಕೆಲಸ ಎಲ್ಲವೂ ಅದನ್ನೇ ಕರೆಯಲಿ. ಈ ತರ್ಕ ಎರಡು ಕಡೆ ಬರೆದಿದ್ದರೆ ಆರು ತಿಂಗಳಲ್ಲಿ ಎರಡು ಬಗೆಯ ಸಾಲುಗಳು ಸಿಗುತ್ತವೆ.

ಸಿಗ್ನಲ್‌ಗಳಲ್ಲಿ ಸಿಕ್ಕಿಬೀಳುವ ಜಾಗಗಳು ಇವು. ಅಡ್ಮಿನ್‌ನಲ್ಲಿ ಅಡುಗೆ ಸೇವ್ ಮಾಡಿದಾಗ ಮೊದಲು ಅಡುಗೆಯ ಸಾಲು, ಆಮೇಲೆ ಅದರ ಪದಾರ್ಥಗಳು ಉಳಿಯುತ್ತವೆ. ಅಡುಗೆಯ ಪೋಸ್ಟ್‌ಸೇವ್ ಸಿಗ್ನಲ್ ಹೊರಡುವ ಹೊತ್ತಿಗೆ ಹೊಸ ಪದಾರ್ಥ ಇನ್ನೂ ಬಂದಿಲ್ಲ, ಸರ್ಚ್‌ಗೆ ಹೋಗುವುದು ಹಳೆಯ ಪಟ್ಟಿ. ಟ್ರಾನ್ಸಾಕ್ಷನ್‌ನ ಆನ್‌ಕಮಿಟ್‌ಗೆ (ಎಲ್ಲವೂ ಡೇಟಾಬೇಸ್‌ನಲ್ಲಿ ಖಾಯಂ ಆದ ಮೇಲೆ ಓಡುವಂತೆ) ಕಟ್ಟಿದರೆ ಈ ತೊಂದರೆ ಹೋಗುತ್ತದೆ. ಸೆಲರಿಯಂಥ ಹಿನ್ನೆಲೆ ಕೆಲಸಗಾರನಿಗೆ ಒಪ್ಪಿಸುವಾಗಲೂ ಆನ್‌ಕಮಿಟ್ ಬೇಕು, ಇಲ್ಲದಿದ್ದರೆ ಕಮಿಟ್ ಆಗುವ ಮೊದಲೇ ಅವನು ಓದಿ ಮುಗಿಸಿರುತ್ತಾನೆ.

ನಮ್ಮ ಜೋಡಣೆ ಟೇಬಲ್‌ನಲ್ಲಿ ಪ್ರಮಾಣವೂ ಇದೆಯಲ್ಲ, ಅಡ್ಮಿನ್‌ನ ಇನ್‌ಲೈನ್ ಫಾರ್ಮ್ ಆ ಮಾಡೆಲ್‌ನ ಸಾಲುಗಳನ್ನು ನೇರವಾಗಿ ಸೇವ್ ಮಾಡುತ್ತದೆ. ಆಗ ಮೆನಿ ಟು ಮೆನಿ ಜೋಡಣೆಗೆಂದೇ ಇರುವ ಎಂ2ಎಂ ಚೇಂಜ್ಡ್ ಸಿಗ್ನಲ್ ಬರುವುದೇ ಇಲ್ಲ, ಜೋಡಣೆ ಮಾಡೆಲ್‌ನ ಪೋಸ್ಟ್‌ಸೇವ್ ಬರುತ್ತದೆ. ಕೋಡ್‌ನಲ್ಲಿ ಆ್ಯಡ್ ಎಂದು ಕರೆದರೆ ಉಲ್ಟಾ: ಒಳಗೆ ಬಲ್ಕ್‌ಕ್ರಿಯೇಟ್ ನಡೆಯುವುದರಿಂದ ಪೋಸ್ಟ್‌ಸೇವ್ ಇಲ್ಲ, ಎಂ2ಎಂ ಚೇಂಜ್ಡ್ ಮಾತ್ರ. ಎರಡಕ್ಕೂ ಕಿವಿಗೊಡಬೇಕು. ಪದಾರ್ಥದ ಕಡೆಯಿಂದ ಕ್ಲಿಯರ್ ಮಾಡಿದರೆ ಯಾವ ಅಡುಗೆಗಳು ಕಳಚಿದವು ಎಂಬ ಪಟ್ಟಿ ಪೋಸ್ಟ್‌ಕ್ಲಿಯರ್‌ನಲ್ಲಿ ಖಾಲಿ, ಪ್ರಿಕ್ಲಿಯರ್‌ನಲ್ಲೇ ಬರೆದಿಟ್ಟುಕೊಳ್ಳಬೇಕು. ಕ್ವೆರಿಸೆಟ್‌ನ ಅಪ್‌ಡೇಟ್, ಬಲ್ಕ್‌ಕ್ರಿಯೇಟ್, ಬಲ್ಕ್‌ಅಪ್‌ಡೇಟ್ ಯಾವುದೂ ಸೇವ್ ಸಿಗ್ನಲ್ ಕೊಡುವುದಿಲ್ಲ. ಎಕ್ಸೆಲ್‌ನಿಂದ 3,000 ಅಡುಗೆ ತುಂಬಿದ ದಿನ ಅವು ಪಟ್ಟಿಯಲ್ಲಿ ಕಾಣುತ್ತವೆ, ಹುಡುಕಾಟದಲ್ಲಿ ಸಿಗುವುದಿಲ್ಲ, ಲಾಗ್‌ನಲ್ಲಿ ಎರರ್ ಒಂದೂ ಇರುವುದಿಲ್ಲ.

ಇಷ್ಟಾದರೂ ಬರೆಯುವವರೆಲ್ಲ ಒಂದೇ ಕೋಡ್ ಮೂಲಕ ಬರುವ ಸಣ್ಣ ತಂಡಕ್ಕೆ ಈ ದಾರಿ ಒಗ್ಗುತ್ತದೆ: ತರ್ಕ ಪೈಥಾನ್‌ನಲ್ಲಿದೆ, ಟೆಸ್ಟ್ ಬರೆಯಬಹುದು, ಹೊಸಬರಿಗೂ ಅರ್ಥವಾಗುತ್ತದೆ. ಇನ್ನೊಂದು ಸಣ್ಣ ವಿಷಯ: ಮ್ಯಾನೇಜರ್‌ನಲ್ಲೇ ಈ ಫೀಲ್ಡನ್ನು ಡಿಫರ್ ಮಾಡಿಡಿ, ಅಂದರೆ ಕೇಳಿದಾಗ ಮಾತ್ರ ಬರಲಿ. ಇಲ್ಲದಿದ್ದರೆ ಅಡುಗೆ ಪಟ್ಟಿ ತೋರಿಸುವ ಪ್ರತಿ ಪುಟವೂ ಬೇಡದ ಟಿಎಸ್‌ವೆಕ್ಟರ್‌ಗಳನ್ನು ಹೊತ್ತು ತರುತ್ತದೆ.

ಅದೇ ಕಾಲಮ್, ಟ್ರಿಗರ್ ಮೂಲಕ

ಸ್ಕ್ರಿಪ್ಟ್ ಬರೆಯಲಿ, ನೇರ ಎಸ್‌ಕ್ಯುಎಲ್ ಬರಲಿ, ಟ್ರಿಗರ್‌ಗೆ ತಪ್ಪಿಸಿಕೊಂಡು ಹೋಗುವುದು ಕಷ್ಟ; ಇಡೀ ಟೇಬಲ್ ಖಾಲಿ ಮಾಡುವ ಟ್ರಂಕೇಟ್ ಮಾತ್ರ ಸಾಲಿನ ಟ್ರಿಗರ್‌ಗಳನ್ನು ಎಬ್ಬಿಸುವುದಿಲ್ಲ. ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಸಿದ್ಧ ಟ್ರಿಗರ್ ಫಂಕ್ಷನ್, ಟಿಎಸ್‌ವೆಕ್ಟರ್ ಅಪ್‌ಡೇಟ್ ಟ್ರಿಗರ್, ಅದೇ ಸಾಲಿನ ಕಾಲಮ್‌ಗಳಿಗೆ ಮಾತ್ರ. ನಮ್ಮ ಕೆಲಸಕ್ಕೆ ಕೈಯಾರೆ ಬರೆಯಬೇಕು.

ನಾನು ಸೂಚಿಸುವ ರೂಪ ಹೀಗೆ. ಟ್ರಿಗರ್‌ನಿಂದ ಟಿಎಸ್‌ವೆಕ್ಟರ್ ಕಟ್ಟಿಸಬೇಡಿ. ಅಡುಗೆ ಟೇಬಲ್‌ನಲ್ಲಿ ‘ಪದಾರ್ಥ ಪಠ್ಯ’ ಎಂಬ ಸಾಮಾನ್ಯ ಟೆಕ್ಸ್ಟ್ ಕಾಲಮ್ ಇಡಿ, ಟ್ರಿಗರ್ ತುಂಬುವುದು ಅದನ್ನು ಮಾತ್ರ. ಸರ್ಚ್ ಕಾಲಮ್ ಜನರೇಟೆಡ್ ಆಗಿರಲಿ: ಹೆಸರು, ಪದಾರ್ಥ ಪಠ್ಯ, ವಿಧಾನ ಮೂರೂ ಈಗ ಒಂದೇ ಸಾಲಿನಲ್ಲಿರುವುದರಿಂದ ಪೋಸ್ಟ್‌ಗ್ರೆಸ್ ತಾನೇ ಕಟ್ಟಿಕೊಳ್ಳುತ್ತದೆ. ನಾಳೆ ತೂಕ ಬದಲಿಸಬೇಕೆಂದರೆ ಟ್ರಿಗರ್ ಮುಟ್ಟಬೇಕಿಲ್ಲ. ಏನೋ ಸಿಗುತ್ತಿಲ್ಲ ಎಂದಾಗ ಆ ಪಠ್ಯವನ್ನು ಕಣ್ಣಿನಿಂದ ಓದಿ ನೋಡಬಹುದು. ಇದು ಎಷ್ಟು ಉಪಕಾರಿ ಎಂಬುದು ಮೊದಲ ದೂರು ಬಂದ ದಿನ ಗೊತ್ತಾಗುತ್ತದೆ.

ಟ್ರಿಗರ್ ಎರಡು ಸಾಕು. ಜೋಡಣೆ ಟೇಬಲ್‌ನ ಮೇಲೆ ಸೇರಿಸಿದಾಗ, ಅಳಿಸಿದಾಗ, ಬದಲಿಸಿದಾಗ; ಹಳೆಯ ಮತ್ತು ಹೊಸ ಅಡುಗೆ ಐಡಿ ಎರಡನ್ನೂ ನೋಡಬೇಕು. ಪದಾರ್ಥ ಟೇಬಲ್‌ನ ಮೇಲೆ, ಹೆಸರು, ಪರ್ಯಾಯ ಹೆಸರು ಅಥವಾ ‘ಹುಡುಕಾಟಕ್ಕೆ ಸೇರಿಸು’ ಎಂಬ ಗುರುತು ನಿಜವಾಗಿ ಬದಲಾದಾಗ ಮಾತ್ರ. ಬರೆಯುವಾಗ ನಾಲ್ಕು ಎಚ್ಚರಿಕೆ:

ಹೆಸರು ಮತ್ತು ಪರ್ಯಾಯ ಹೆಸರನ್ನು ಜೋಡಿಸುವಾಗ ಪರ್ಯಾಯ ನಲ್ ಇದ್ದರೆ ಇಡೀ ಜೋಡಣೆ ನಲ್ ಆಗಿ ಆ ಪದಾರ್ಥವೇ ಮಾಯ. ನಲ್ (ಬೆಲೆಯೇ ಇಲ್ಲ) ಬದಲು ಖಾಲಿ ಪಠ್ಯ ಕೊಡುವ ಕೋಅಲೆಸ್ ಮರೆಯಬೇಡಿ.

ಪದಾರ್ಥಗಳನ್ನು ಕೂಡಿಸುವಾಗ ಕ್ರಮ ಗೊತ್ತುಮಾಡಿ, ಹೊಸ ಪಠ್ಯ ಹಳೆಯದಕ್ಕಿಂತ ಬೇರೆಯಾಗಿದ್ದರೆ ಮಾತ್ರ ಅಪ್‌ಡೇಟ್ ಮಾಡಿ. ಸುಮ್ಮನೆ ಬರೆದ ಪ್ರತಿ ಅಪ್‌ಡೇಟ್‌ಗೂ ಪೋಸ್ಟ್‌ಗ್ರೆಸ್ ಸಾಲಿನ ಹೊಸ ಪ್ರತಿ ಮಾಡುತ್ತದೆ.

ಇಬ್ಬರು ಏಕಕಾಲಕ್ಕೆ ಒಂದೇ ಅಡುಗೆಗೆ ಒಂದೊಂದು ಪದಾರ್ಥ ಸೇರಿಸಿದರೆ, ಎರಡನೆಯವರ ಅಪ್‌ಡೇಟ್ ಮೊದಲನೆಯವರ ಕಮಿಟ್‌ಗೆ ಕಾಯುತ್ತದೆ ನಿಜ. ಆದರೆ ಕೂಡಿಸುವ ಸಬ್‌ಕ್ವೆರಿ ನೋಡುವುದು ಆ ಹೇಳಿಕೆ ಶುರುವಾದಾಗಿನ ಚಿತ್ರವನ್ನು. ಮೊದಲನೆಯವರ ಪದಾರ್ಥ ಸರ್ಚ್‌ನಿಂದ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಟ್ರಿಗರ್‌ನಲ್ಲಿ ಮೊದಲು ಅಡುಗೆಯ ಸಾಲನ್ನು ಫಾರ್ ಅಪ್‌ಡೇಟ್ ಎಂದು ಲಾಕ್ ಮಾಡಿ, ಆಮೇಲೆ ಬೇರೆ ಹೇಳಿಕೆಯಲ್ಲಿ ಕೂಡಿಸಿ ಬರೆದರೆ ಸರಿಹೋಗುತ್ತದೆ.

ಹಲವು ಅಡುಗೆಗಳನ್ನು ಒಟ್ಟಿಗೆ ಲಾಕ್ ಮಾಡುವಾಗ ಐಡಿ ಕ್ರಮದಲ್ಲೇ ಮಾಡಿ. ಒಬ್ಬರು ಮೇಲಿಂದ, ಇನ್ನೊಬ್ಬರು ಕೆಳಗಿಂದ ಹಿಡಿಯುತ್ತ ಬಂದರೆ ಡೆಡ್‌ಲಾಕ್: ಒಬ್ಬರಿಗೊಬ್ಬರು ಕಾಯುತ್ತ ಇಬ್ಬರೂ ನಿಲ್ಲುತ್ತಾರೆ.

ಹರಡುವಿಕೆಯ ಲೆಕ್ಕ ಕಾಡುವುದು ಇಲ್ಲಿ. ಟ್ರಿಗರ್ ನಡೆಯುವುದು ಸಂಪಾದಕರ ಸೇವ್ ನಡೆಯುವ ಟ್ರಾನ್ಸಾಕ್ಷನ್‌ನಲ್ಲೇ. ಶೇಂಗಾ 400 ಅಡುಗೆಯಲ್ಲಿದ್ದರೆ ಯಾರಿಗೂ ಗೊತ್ತಾಗದು. ಕರಿಬೇವನ್ನೂ ಇಂಡೆಕ್ಸ್‌ಗೆ ಸೇರಿಸಿದ್ದು ಅದು 12,000ದಲ್ಲಿದ್ದರೆ ಸೇವ್ ಬಟನ್ ಒತ್ತಿದವರು ಕಾಯುತ್ತ ಕೂರುತ್ತಾರೆ, ಅಷ್ಟೂ ಅಡುಗೆಗಳು ಅಲ್ಲಿಯವರೆಗೆ ಲಾಕ್. ಅಂಥ ಕಡೆ ಟ್ರಿಗರ್ ಕೇವಲ ‘ಈ ಪದಾರ್ಥ ಬದಲಾಗಿದೆ’ ಎಂದು ಒಂದು ಸಾಲನ್ನು ಕ್ಯೂ ಟೇಬಲ್‌ಗೆ ಹಾಕಲಿ. ಹಿನ್ನೆಲೆ ಕೆಲಸಗಾರ 500-500ರಂತೆ ತಾಜಾ ಮಾಡಿಕೊಳ್ಳಲಿ. ಸೊನ್ನೆ ವಿಳಂಬದ ಆಸೆಯನ್ನು ಬಿಟ್ಟು ಒಂದೆರಡು ನಿಮಿಷಕ್ಕೆ ಒಪ್ಪಿಕೊಂಡಂತೆ.

ಪ್ರತ್ಯೇಕ ಸರ್ಚ್ ಟೇಬಲ್, ಅಥವಾ ಮೆಟೀರಿಯಲೈಸ್ಡ್ ವ್ಯೂ

ಕೂಡಿಟ್ಟ ಪಠ್ಯ ಅಡುಗೆ ಟೇಬಲ್‌ನಲ್ಲೇ ಇರಬೇಕೆಂದಿಲ್ಲ. ‘ಹುಡುಕಾಟ ದಾಖಲೆ’ ಎಂಬ ಬೇರೆ ಟೇಬಲ್, ಅಡುಗೆಗೆ ಒನ್ ಟು ಒನ್. ಸಾವಿರಾರು ಸಾಲು ತಾಜಾ ಆಗುವಾಗ ಲಾಕ್ ಬೀಳುವುದು ಆ ಟೇಬಲ್‌ಗೆ, ಅಡುಗೆ ತಿದ್ದುವವರಿಗೆ ತಡೆಯಿಲ್ಲ (ಮೇಲೆ ಹೇಳಿದ ಫಾರ್ ಅಪ್‌ಡೇಟ್ ಲಾಕ್ ಕೂಡ ದಾಖಲೆಯ ಸಾಲಿನ ಮೇಲೇ ಇರಲಿ). ಮುಂದೆ ಲೇಖನ, ವಿಡಿಯೊಗಳನ್ನೂ ಒಂದೇ ಪೆಟ್ಟಿಗೆಯಿಂದ ಹುಡುಕಬೇಕೆಂದರೆ ಈ ಟೇಬಲ್‌ಗೇ ಬಗೆ ಮತ್ತು ಐಡಿ ಕಾಲಮ್ ಸೇರಿಸಿದರಾಯಿತು. ಒಂದು ಜಾಯಿನ್ ಹೆಚ್ಚು, ಅಷ್ಟೇ. ಹರಡುವಿಕೆ ಹೆಚ್ಚಿದ್ದರೆ ನನ್ನ ಮತ ಮುಖ್ಯ ಟೇಬಲ್‌ಗಿಂತ ಇದಕ್ಕೆ.

ಮೆಟೀರಿಯಲೈಸ್ಡ್ ವ್ಯೂ ಬರೆಯುವುದು ಸುಲಭ: ಒಂದು ದೊಡ್ಡ ಸೆಲೆಕ್ಟ್, ರನ್‌ಎಸ್‌ಕ್ಯುಎಲ್ ಮೈಗ್ರೇಶನ್, ಮ್ಯಾನೇಜ್ಡ್ ಫಾಲ್ಸ್ ಎಂದ ಮಾಡೆಲ್. ಅದರ ಮೇಲೂ ಜಿನ್ ಇಂಡೆಕ್ಸ್ ಹಾಕಬಹುದು. ಆದರೆ ರಿಫ್ರೆಶ್ ಎಂದರೆ ಪ್ರತಿ ಸಲ ಎಲ್ಲವನ್ನೂ ಮೊದಲಿನಿಂದ ಲೆಕ್ಕ ಹಾಕುವುದು. ಸಾಮಾನ್ಯ ರಿಫ್ರೆಶ್ ನಡೆಯುವಾಗ ಓದುವವರೂ ಕಾಯಬೇಕು. ಕನ್‌ಕರೆಂಟ್ಲಿ ಎಂದು ಹಾಕಿದರೆ ಕಾಯಬೇಕಿಲ್ಲ, ಅದಕ್ಕೆ ಷರತ್ತಿಲ್ಲದ ಒಂದು ಯೂನಿಕ್ ಇಂಡೆಕ್ಸ್ ಕಡ್ಡಾಯ. ಮುಂದೊಂದು ದಿನ ಪದಾರ್ಥದ ಹೆಸರಿನ ಕಾಲಮ್‌ನ ಬಗೆ ಬದಲಿಸಲು ಹೋದರೆ ‘ವ್ಯೂ ಬಳಸುತ್ತಿರುವ ಕಾಲಮ್’ ಎಂದು ಮೈಗ್ರೇಶನ್ ಮುರಿಯುತ್ತದೆ. ವ್ಯೂ ತೆಗೆದು, ಬದಲಿಸಿ, ಮತ್ತೆ ಕಟ್ಟಬೇಕು. ರಾತ್ರಿಗೊಮ್ಮೆ ಡೇಟಾ ಬರುವ ಸೈಟ್‌ಗಳಿಗೆ ಇದರಷ್ಟು ಕಡಿಮೆ ಕೋಡ್ ಬೇಡುವುದು ಬೇರೆಯಿಲ್ಲ. ನಿಮಿಷ ನಿಮಿಷಕ್ಕೂ ಬದಲಾಗುವಲ್ಲಿ ಬೇಡ.

ಹೊರಗಿನ ಸರ್ಚ್ ಎಂಜಿನ್

ಇಲಾಸ್ಟಿಕ್‌ಸರ್ಚ್, ಓಪನ್‌ಸರ್ಚ್, ಮೇಲಿಸರ್ಚ್, ಟೈಪ್‌ಸೆನ್ಸ್. ತಪ್ಪು ಕಾಗುಣಿತ ಸಹಿಸುವುದು, ‘ತಿಂಡಿ 120, ಹಬ್ಬದೂಟ 45’ ಎಂಬಂಥ ಎಣಿಕೆ ತೋರಿಸುವುದು, ಟೈಪ್ ಮಾಡುತ್ತಿರುವಾಗಲೇ ಫಲಿತಾಂಶ ಕೊಡುವುದು ಇವುಗಳ ಬಲ. ಇವು ತಂದರೆ ಪಕ್ಕದ ಟೇಬಲ್‌ನ ಸಮಸ್ಯೆ ಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಹೋಗುವುದಿಲ್ಲ. ಅಡುಗೆಯ ದಾಖಲೆಯೊಳಗೆ ಪದಾರ್ಥಗಳ ಹೆಸರನ್ನು ಇಲ್ಲೂ ಕೂಡಿಯೇ ಇಡಬೇಕು, ಪದಾರ್ಥ ಬದಲಾದರೆ ಯಾವ ಅಡುಗೆಗಳನ್ನು ಮತ್ತೆ ಕಳಿಸಬೇಕು ಎಂದು ಇಲ್ಲೂ ಹೇಳಬೇಕು. ಜ್ಯಾಂಗೊ ಇಲಾಸ್ಟಿಕ್‌ಸರ್ಚ್ ಡಿಎಸ್‌ಎಲ್ ಲೈಬ್ರರಿಯಲ್ಲಿ ರಿಲೇಟೆಡ್ ಮಾಡೆಲ್ಸ್ ಎಂಬ ಪಟ್ಟಿ ಇರುವುದು ಇದಕ್ಕೇ. ಅದೂ ಸಿಗ್ನಲ್‌ಗಳನ್ನೇ ನಂಬಿದೆ, ಮೇಲೆ ಹೇಳಿದ ತೂತುಗಳೆಲ್ಲ ಅದಕ್ಕೂ ಇವೆ.

ಇದರ ಮೇಲೆ ಇನ್ನೊಂದು ಹೊರೆ: ಡೇಟಾಬೇಸ್ ಕಮಿಟ್ ಆಗಿ ಎಂಜಿನ್‌ಗೆ ಹೋಗುವ ಕರೆ ಬಿದ್ದುಹೋದರೆ ಎರಡೂ ಬೇರೆ ಬೇರೆ ಕಥೆ ಹೇಳುತ್ತವೆ. ಕ್ಯೂ, ಮರುಪ್ರಯತ್ನ, ಹೊಂದಾಣಿಕೆ ನೋಡುವ ಕೆಲಸ ಎಲ್ಲವೂ ಬೇಕು. ಇಲಾಸ್ಟಿಕ್‌ಸರ್ಚ್‌ಗೆ ಹೀಪ್ (ಅದರ ಕೆಲಸದ ಮೆಮೊರಿ) ಕೊಡುವಾಗ ಯಂತ್ರದ ರ‍್ಯಾಮ್‌ನ ಅರ್ಧ ಮೀರಬಾರದು, ಹಾಗಾಗಿ ಪೋಸ್ಟ್‌ಗ್ರೆಸ್ ಇರುವ ಪುಟ್ಟ ಸರ್ವರ್‌ನಲ್ಲೇ ತುರುಕಲು ನೋಡಬೇಡಿ. ಕಾಗುಣಿತ ತಿದ್ದುವುದು, ಎಣಿಕೆ ಬೇಕು ಎಂಬ ಕಾರಣಕ್ಕೆ ಇದನ್ನು ಆರಿಸಿ. ಜಾಯಿನ್ ತಪ್ಪಿಸಲೆಂದು ಬೇಡ.

ಕನ್ನಡ ಪಠ್ಯವಾದರೆ

ಪೋಸ್ಟ್‌ಗ್ರೆಸ್‌ನಲ್ಲಿ ತಮಿಳಿಗೆ 12ರಿಂದ, ಹಿಂದಿಗೆ 14ರಿಂದ ಪದಮೂಲ ಹುಡುಕುವ ಸೌಲಭ್ಯವಿದೆ. ಕನ್ನಡಕ್ಕಿಲ್ಲ. ‘ಸಿಂಪಲ್’ ಕಾನ್ಫಿಗರೇಶನ್ ಬಳಸಬೇಕು, ಕಾಲಮ್ ಕಟ್ಟುವಾಗಲೂ ಹುಡುಕುವಾಗಲೂ ಅದೇ ಹೆಸರು ಕೊಡಬೇಕು. ಒಂದು ಕಡೆ ಮರೆತರೆ ಸರ್ವರ್‌ನ ಡೀಫಾಲ್ಟ್ ಬಂದು ಕೂರುತ್ತದೆ, ಇಂಗ್ಲಿಷ್ ಪದಗಳು ಮಾತ್ರ ಸಿಗದೆ ಹೋಗುವ ವಿಚಿತ್ರ ನೋಡಬೇಕಾಗುತ್ತದೆ.

‘ಸಿಂಪಲ್’ಗೆ ವಿಭಕ್ತಿ ಗೊತ್ತಿಲ್ಲ. ‘ಅವರೆಕಾಳು’ ಎಂದು ಹುಡುಕಿದರೆ ‘ಅವರೆಕಾಳಿನ ಉಪ್ಪಿಟ್ಟು’ ಸಿಗದು. ಪದದ ಕೊನೆಗೆ ಕೋಲನ್, ನಕ್ಷತ್ರ ಹಾಕಿ ಪ್ರಿಫಿಕ್ಸ್ ಹುಡುಕಾಟ (ಪದದ ಆರಂಭ ಹೊಂದಿದರೆ ಸಾಕು ಎನ್ನುವುದು) ಮಾಡಿದರೂ ಸಿಗದು, ಏಕೆಂದರೆ ಕೊನೆಯ ಕೊಂಬು ಇಕಾರವಾಗಿದೆ. ಹುಡುಕುವ ಪದ ಉಕಾರದಲ್ಲಿ ಮುಗಿದರೆ ಆ ಕೊಂಬನ್ನು ಕಿತ್ತು, ‘ಅವರೆಕಾಳ’ ಎಂದು ಪ್ರಿಫಿಕ್ಸ್ ಹುಡುಕಿದರೆ ಕಾಳು, ಕಾಳಿನ, ಕಾಳನ್ನು ಎಲ್ಲ ಬರುತ್ತವೆ. ಜಿನ್ ಇಂಡೆಕ್ಸ್ ಇದಕ್ಕೂ ಒದಗುತ್ತದೆ. ಆದರೆ ‘ಉಪ್ಪು’ ಎಂದವರಿಗೆ ಉಪ್ಪಿಟ್ಟು, ಉಪ್ಪಿನಕಾಯಿ ಎರಡೂ ಬರುತ್ತವೆ! ಚಿಕ್ಕ ಪದಗಳಿಗೆ ಈ ಉಪಾಯ ಬೇಡ. ವೆಬ್‌ಸರ್ಚ್ ಬಗೆಯ ಸರ್ಚ್‌ಕ್ವೆರಿಗೆ ಪ್ರಿಫಿಕ್ಸ್ ಬರುವುದಿಲ್ಲ, ರಾ ಬಗೆ ಬೇಕು; ಅದಕ್ಕೆ ಓದುಗರು ಹಾಕಿದ ಆವರಣ, ಕೋಲನ್‌ಗಳನ್ನು ತೆಗೆಯದೆ ಕೊಟ್ಟರೆ ಸಿಂಟ್ಯಾಕ್ಸ್ ಎರರ್. ಜ್ಯಾಂಗೊ 6.0ರಲ್ಲಿ ಬಂದ ಲೆಕ್ಸೀಮ್ ಈ ಶುದ್ಧಿಯನ್ನು ತಾನೇ ಮಾಡುತ್ತದೆ, ಪ್ರಿಫಿಕ್ಸನ್ನೂ ಕೊಡುತ್ತದೆ.

ಸಂಧಿಗೆ ಈ ಉಪಾಯವೂ ಸಾಲದು. ಕುಚ್ಚಲಕ್ಕಿಯೊಳಗೆ ಅಕ್ಕಿ ಇದೆ ಎಂದು ಯಂತ್ರಕ್ಕೆ ಗೊತ್ತಿಲ್ಲ. ‘ಅಕ್ಕಿ ರೊಟ್ಟಿ’ ಎಂದು ಬಿಡಿಸಿ ಬರೆದವರಿಗೆ ಕೂಡಿಸಿ ಬರೆದ ‘ಅಕ್ಕಿರೊಟ್ಟಿ’ ಸಿಗದು. ಇದಕ್ಕೆ ಪರ್ಯಾಯ ಹೆಸರಿನ ಕಾಲಮ್ಮೇ ಮದ್ದು, ಅದೂ ಪದಾರ್ಥ ಮತ್ತು ಅಡುಗೆ ಎರಡರಲ್ಲೂ. ಅಂದರೆ ಕನ್ನಡದ ಸೈಟ್‌ನಲ್ಲಿ ಪಕ್ಕದ ಟೇಬಲ್ ಪದೇ ಪದೇ ತಿದ್ದಿಸಿಕೊಳ್ಳುತ್ತದೆ, ಹರಡುವಿಕೆ ಇಂಗ್ಲಿಷ್ ಸೈಟ್‌ಗಿಂತ ಜಾಸ್ತಿ.

ಇನ್ನು ‘ಫೋನ್‌ನಲ್ಲಿ’ ಎಂಬಂಥ ಪದಗಳ ನಡುವೆ ಕಾಣದೆ ಕೂತಿರುವ ಜೋಡಣೆ ತಡೆಯುವ ಅಕ್ಷರ. ಒಬ್ಬರ ಕೀಬೋರ್ಡ್ ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ, ಯಂತ್ರಕ್ಕೆ ಅವು ಎರಡು ಬೇರೆ ಪದ. ಉಳಿಸುವಾಗಲೂ ಹುಡುಕುವಾಗಲೂ ಅದನ್ನು ತೆಗೆದು, ಎನ್‌ಎಫ್‌ಸಿ ಎಂಬ ಯೂನಿಕೋಡ್‌ನ ಏಕರೂಪಕ್ಕೆ ತಂದು ಮುಂದೆ ಕಳಿಸಿ.

ಹಾಗಾದರೆ ನಿಮಗೆ ಯಾವುದು?

ಎರಡು ಸಾವಿರದೊಳಗಿನ ಸಾಲು, ಒಳಗಿನ ಬಳಕೆ: ಸ್ಟ್ರಿಂಗ್‌ಆ್ಯಗ್ ಸಬ್‌ಕ್ವೆರಿ, ಏನನ್ನೂ ಉಳಿಸಬೇಡಿ. ಒಬ್ಬರೋ ಇಬ್ಬರೋ ಡೆವಲಪರ್, ಬರವಣಿಗೆಯೆಲ್ಲ ಅಡ್ಮಿನ್‌ನಿಂದ, ಒಂದು ಪದಾರ್ಥಕ್ಕೆ ನೂರಿನ್ನೂರು ಅಡುಗೆ: ಮುಖ್ಯ ಟೇಬಲ್‌ನ ಕಾಲಮ್, ಆನ್‌ಕಮಿಟ್ ಜೊತೆ ಸಿಗ್ನಲ್, ರಾತ್ರಿ ಒಮ್ಮೆ ಎಲ್ಲವನ್ನೂ ತಾಜಾ ಮಾಡುವ ಕಮಾಂಡ್. ಸ್ಕ್ರಿಪ್ಟ್‌ಗಳೂ ಬರೆಯುತ್ತವೆ, ಹಳಸಬಾರದು: ಪಠ್ಯ ತುಂಬುವ ಟ್ರಿಗರ್, ಜನರೇಟೆಡ್ ಸರ್ಚ್ ಕಾಲಮ್. ಒಂದು ಸಾಲು ಸಾವಿರಾರಕ್ಕೆ ಹರಡುತ್ತದೆ: ಪ್ರತ್ಯೇಕ ದಾಖಲೆ ಟೇಬಲ್, ಕ್ಯೂ. ರಾತ್ರಿ ಮಾತ್ರ ಡೇಟಾ ಬರುತ್ತದೆ: ಮೆಟೀರಿಯಲೈಸ್ಡ್ ವ್ಯೂ.

ಯಾವುದನ್ನು ಆರಿಸಿದರೂ ಚಾಲ್ತಿಯಲ್ಲಿರುವ ದೊಡ್ಡ ಟೇಬಲ್‌ಗೆ ತರುವ ಕ್ರಮಕ್ಕೆ ಗಮನ ಕೊಡಿ. ಜನರೇಟೆಡ್ ಕಾಲಮ್ ಸೇರಿಸಿದರೆ ಇಡೀ ಟೇಬಲ್ ಮರುಬರವಣಿಗೆ ಆಗುತ್ತದೆ, ಅಷ್ಟು ಹೊತ್ತು ಓದುವುದಕ್ಕೂ ತಡೆ. ಹೊಸ ದಾಖಲೆ ಟೇಬಲ್‌ಗೆ ಈ ತೊಂದರೆಯಿಲ್ಲ, ಅದು ಖಾಲಿಯಾಗಿ ಹುಟ್ಟುತ್ತದೆ. ಮೊದಲು ಟ್ರಿಗರ್ ಅಥವಾ ಸಿಗ್ನಲ್ ಜಾರಿಗೆ ತನ್ನಿ, ಆಮೇಲೆ ಹಳೆಯ ಸಾಲುಗಳನ್ನು ಸಾವಿರ ಸಾವಿರದಂತೆ ತುಂಬಿ, ಕೊನೆಗೆ ಜಿನ್ ಇಂಡೆಕ್ಸ್. ಜ್ಯಾಂಗೊದಲ್ಲಿ ಅದಕ್ಕೆ ಆ್ಯಡ್‌ಇಂಡೆಕ್ಸ್‌ಕನ್‌ಕರೆಂಟ್ಲಿ ಇದೆ, ಆ ಮೈಗ್ರೇಶನ್‌ನಲ್ಲಿ ಅಟಾಮಿಕ್ ಫಾಲ್ಸ್ ಎಂದು ಬರೆಯಬೇಕು. ಕ್ರಮ ತಿರುಗಿಸಿ ಮೊದಲು ತುಂಬಿ ಆಮೇಲೆ ಟ್ರಿಗರ್ ಹಾಕಿದರೆ, ನಡುವಿನ ಹೊತ್ತಿನಲ್ಲಿ ತಿದ್ದಿದ ಅಡುಗೆಗಳು ಮುಂದಿನ ಸಲ ಯಾರಾದರೂ ಮುಟ್ಟುವವರೆಗೆ ಹಳೆಯ ಪದಾರ್ಥದಲ್ಲೇ ಉಳಿಯುತ್ತವೆ.